ಒಂದೇ ಬಾಣಲೆಯಲ್ಲಿ ಸಿಗಡಿ, ಬೇಸಿಗೆ ತರಕಾರಿ: ಸಿಗಡಿ ರಬ್ಬರಿನಂತಾಗುತ್ತಿದೆ, ತರಕಾರಿ ನೀರು ಬಿಡುತ್ತಿದೆ. ದಾರಿ ಹೇಳಿ

ಬಾವಿಕಟ್ಟೆ (ಪೊನ್ನಂಪೇಟೆ ಕಡೆ)
ಎಲ್ಲರಿಗೂ ನಮಸ್ಕಾರ. ನಮ್ಮ ಬಾವಿಯ ನೀರು ಈ ವಾರ ತಳದ ಕಲ್ಲು ಕಾಣುವಷ್ಟು ಇಳಿದಿದೆ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಸಲ ಬಂದು ಹೋಯಿತು. ಕಾಫಿಗೆ ಸಾಕಾಯಿತು, ಬಾವಿಗೆ ಸಾಲಲಿಲ್ಲ. ರಾತ್ರಿಯ ಅಡುಗೆಗೆ ನಾಲ್ಕು ಪಾತ್ರೆ ಇಳಿಸಿದರೆ ತೊಳೆಯುವುದಕ್ಕೇ ಎರಡು ಕೊಡ ನೀರು ಬೇಕು. ಹಾಗಾಗಿ ಮಳೆಗಾಲ ಹಿಡಿಯುವವರೆಗೆ ರಾತ್ರಿಯ ಪದಾರ್ಥವನ್ನು ಒಂದೇ ಬಾಣಲೆಯಲ್ಲಿ ಮುಗಿಸಬೇಕು ಎಂದುಕೊಂಡಿದ್ದೇನೆ.

ಹಿತ್ತಲಿನಲ್ಲಿ ಬೆಂಡೆ, ಅಲಸಂದೆ, ಬದನೆ ಚೆನ್ನಾಗಿ ಬಿಟ್ಟಿವೆ. ಟೊಮೆಟೊ ಅಂಗಡಿಯದು. ಮೀನಿನ ಗಾಡಿ ನಮ್ಮ ಓಣಿಗೆ ವಾರಕ್ಕೆ ಎರಡು ದಿನ ಬರುತ್ತದೆ. ಕಳೆದ ಶನಿವಾರ ಅರ್ಧ ಕಿಲೋ ಸಿಗಡಿ ಕೊಂಡೆ. ಈರುಳ್ಳಿ ಬಾಡಿಸಿ, ಹೆಚ್ಚಿದ ತರಕಾರಿ, ಸಿಗಡಿ, ಉಪ್ಪು, ಖಾರದ ಪುಡಿ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಬೇಯಿಸಿದೆ. ತೆರೆದು ನೋಡಿದರೆ ತಳದಲ್ಲಿ ಕಂದು ನೀರು, ಅದರಲ್ಲಿ ಬೆಂಡೆಯ ಲೋಳೆ, ಉಂಗುರದಂತೆ ಸುತ್ತಿಕೊಂಡ ಸಿಗಡಿ. ಚಿಕ್ಕ ಮಗಳು ಒಂದೇ ಸಿಗಡಿಯನ್ನು ಬಹಳ ಹೊತ್ತು ಅಗಿದಳು. ಅತ್ತೆಯವರು ಏನೂ ಹೇಳದೆ ತಟ್ಟೆಯ ಅಂಚಿಗೆ ಸರಿಸಿಟ್ಟರು. ಅಷ್ಟು ದುಡ್ಡು ಕೊಟ್ಟು ತಂದ ಸಿಗಡಿ ಹಾಗೆ ಉಳಿದದ್ದು ನೋಡಿ ಬೇಸರವಾಯಿತು.

ನನ್ನ ಪ್ರಶ್ನೆಗಳು: ಯಾವುದು ಮೊದಲು, ಯಾವುದು ನಂತರ? ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಯಾವಾಗ ಹಾಕಬೇಕು? ನನ್ನದು ಅಗಲವಾದ ಕಬ್ಬಿಣದ ಬಾಣಲೆ, ಅಜ್ಜಿಯ ಕಾಲದ್ದು. ನಾಲ್ಕು ಜನರ ಊಟ. ಕೆಲಸದಿಂದ ಮನೆ ಸೇರುವಾಗ ಆರೂವರೆ, ಏಳೂಕಾಲಿಗೆ ತಟ್ಟೆ ಹಾಕಬೇಕು.

ಮೆಣಸುಬಳ್ಳಿ
ಸಿಗಡಿಗೆ ಹದಿನೈದು ನಿಮಿಷ ತುಂಬಾ ಹೆಚ್ಚಾಯಿತು. ಮಧ್ಯಮ ಗಾತ್ರದ ಸಿಗಡಿಗೆ ಮೂರು ನಿಮಿಷ ಸಾಕು.

ಒಟ್ಟಿಮನೆ (ವಿರಾಜಪೇಟೆ)
ಮೂರೋ ಹದಿನೈದೋ, ಸಿಗಡಿಗೆ ಬೆಂಡೆಕಾಯಿ ಯಾಕೆ ಬೆರೆಸಬೇಕು ಎನ್ನುವುದೇ ನನಗೆ ಅರ್ಥವಾಗಿಲ್ಲ. ಮೀನಿಗೆ ಮೀನಿನ ರುಚಿ, ಬೆಂಡೆಗೆ ಬೆಂಡೆಯ ರುಚಿ. ಮೀನು ಸಾರು ಮಾಡಿ, ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ತಟ್ಟಿ, ತರಕಾರಿಯನ್ನು ಮರುದಿನ ಬೆಳಿಗ್ಗೆ ಪಲ್ಯ ಮಾಡಿ. ನಲವತ್ತು ವರ್ಷದಿಂದ ನಾನು ಹೀಗೆಯೇ ಮಾಡಿಕೊಂಡು ಬಂದಿದ್ದೇನೆ.

ಕರಾವಳಿಯ ಸೊಸೆ (ಸಿದ್ದಾಪುರ)
ಒಟ್ಟಿಮನೆ ಅಮ್ಮ, ದಯವಿಟ್ಟು ಸಿಟ್ಟಾಗಬೇಡಿ, ಆದರೆ ಇದನ್ನು ನಾನು ಒಪ್ಪುವುದಿಲ್ಲ. ನನ್ನ ತವರು ಉಡುಪಿಯ ಕಡೆ. ಅಲ್ಲಿ ಸಿಗಡಿಗೆ ಮಂಗಳೂರು ಸೌತೆ ಹಾಕುತ್ತೇವೆ, ನುಗ್ಗೆ ಹಾಕುತ್ತೇವೆ, ಅಂಬಟೆಕಾಯಿ ಹಾಕುತ್ತೇವೆ. ತರಕಾರಿ ಮೀನಿನ ರಸ ಹೀರಿಕೊಂಡು ಮೀನಿಗಿಂತ ರುಚಿಯಾಗುತ್ತದೆ. ನಮ್ಮ ಮನೆಯಲ್ಲಿ ಸೌತೆಯ ಹೋಳಿಗಾಗಿಯೇ ಜಗಳವಾಗುತ್ತಿತ್ತು.

ಈಗ ಬಾವಿಕಟ್ಟೆ ಅವರ ಪ್ರಶ್ನೆಗೆ ಬರುತ್ತೇನೆ. ಮೊದಲು ಒಂದು ಮಾತು: ಅರ್ಧ ಕಿಲೋ ಅಂದರೆ ತಲೆಸಹಿತವೇ? ಹಾಗಾದರೆ ಸುಲಿದ ಮೇಲೆ ಹೆಚ್ಚುಕಡಿಮೆ ಅರ್ಧವೇ ಉಳಿಯುತ್ತದೆ. ನಾಲ್ಕು ಜನಕ್ಕೆ ಮುಕ್ಕಾಲು ಕಿಲೋ ಕೊಳ್ಳಿ.

ನಾನು ಮಾಡುವ ರೀತಿ ಇದು. ಸಿಗಡಿಯ ಬೆನ್ನು ಸೀಳಿ ಕಪ್ಪು ನರ ತೆಗೆದು, ತೊಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸುತ್ತೇನೆ. ಈ ಒರೆಸುವ ಕೆಲಸವನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಒದ್ದೆ ಸಿಗಡಿ ಬಾಣಲೆಗೆ ಬಿದ್ದರೆ ಹುರಿಯುವುದಿಲ್ಲ, ಬೇಯುತ್ತದೆ. ಅರಿಶಿನ, ಉಪ್ಪು, ಕುಟ್ಟಿದ ಕಾಳುಮೆಣಸು ಸವರಿ ಬದಿಗಿಡಿ. ಬಾಣಲೆಯನ್ನು ಖಾಲಿಯಾಗಿಯೇ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿದರೆ ಅದು ಗುಂಡಾಗಿ ಉರುಳಬೇಕು. ಆಗ ಎರಡು ಚಮಚ ತೆಂಗಿನೆಣ್ಣೆ. ಸಿಗಡಿಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಒಂದು ನಿಮಿಷ ಕೈ ಹಾಕಬೇಡಿ. ಬೂದುಬಣ್ಣದ ಅಂಚು ಕೆಂಪಾಗುತ್ತಾ ಮೇಲೇರುವುದು ಕಣ್ಣಿಗೆ ಕಾಣುತ್ತದೆ. ತಿರುವಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಬಾಗಿ ಅರ್ಧಚಂದ್ರವಾದರೆ ಬೆಂದಿದೆ. ತಲೆಯ ಕಡೆಗೆ ಬಾಲ ಬಂದು ಉಂಗುರವಾದರೆ ಹದ ಮೀರಿದೆ.

ಈಗ ಅದೇ ಬಾಣಲೆಯಲ್ಲಿ, ಅದೇ ಎಣ್ಣೆಯಲ್ಲಿ ಬೆಳ್ಳುಳ್ಳಿ, ಕರಿಬೇವು, ಈರುಳ್ಳಿ, ಆಮೇಲೆ ತರಕಾರಿ. ಅಲಸಂದೆಗೆ ಹೆಚ್ಚು ಹೊತ್ತು ಬೇಕು, ಅದು ಮೊದಲು. ನಂತರ ಬದನೆ, ನಂತರ ಬೆಂಡೆ. ಟೊಮೆಟೊ ಕೊನೆಗೆ. ಉರಿ ಜೋರಾಗಿರಲಿ, ಮುಚ್ಚಳ ಬೇಡ. ಉಪ್ಪನ್ನೂ ಕೊನೆಗೆ ಹಾಕಿ, ಮೊದಲೇ ಹಾಕಿದರೆ ತರಕಾರಿಯ ನೀರನ್ನೆಲ್ಲ ಅದು ಹೊರಗೆಳೆಯುತ್ತದೆ. ಎಲ್ಲವೂ ಬೆಂದ ಮೇಲೆ ಸಿಗಡಿ ಹಿಂದಕ್ಕೆ ಹಾಕಿ ಎರಡು ಸಲ ಕೆದಕಿ ಒಲೆ ಆರಿಸಿ. ಇಪ್ಪತ್ತೈದು ನಿಮಿಷದ ಕೆಲಸ.

ಮೆಣಸುಬಳ್ಳಿ
ಸಿಗಡಿಯನ್ನು ತೆಗೆದು ಇನ್ನೊಂದು ಪಾತ್ರೆಯಲ್ಲಿ ಇಟ್ಟರೆ ಅದು ಒಂದೇ ಬಾಣಲೆಯ ಅಡುಗೆ ಹೇಗಾಗುತ್ತದೆ? ಅವರು ನೀರು ಉಳಿಸಬೇಕು ಎಂದೇ ಕೇಳಿದ್ದಾರೆ.

ಕರಾವಳಿಯ ಸೊಸೆ (ಸಿದ್ದಾಪುರ)
ಊಟಕ್ಕೆ ಹಾಕುವ ತಟ್ಟೆಯಲ್ಲೇ ಇಟ್ಟರಾಯಿತು. ಅದನ್ನು ಹೇಗೂ ತೊಳೆಯಲೇಬೇಕು. ಅಥವಾ ಒಂದು ತುಂಡು ಬಾಳೆಲೆ. ಕೊಡಗಿನಲ್ಲಿದ್ದು ಬಾಳೆಲೆಗೆ ಬರವೇ?

ಬಾವಿಕಟ್ಟೆ (ಪೊನ್ನಂಪೇಟೆ ಕಡೆ)
ಬಾಳೆಲೆ ಒಳ್ಳೆಯ ಮಾತು. ಹಿಂಬದಿಯಲ್ಲೇ ಇದೆ, ನನಗೆ ಹೊಳೆದಿರಲಿಲ್ಲ. ಹೌದು ಅಕ್ಕ, ಅರ್ಧ ಕಿಲೋ ತಲೆಸಹಿತದ ತೂಕ. ಕಾಚಂಪುಳಿಯ ವಿಷಯ ಯಾರೂ ಹೇಳಲಿಲ್ಲ.

ಹಾರಂಗಿ ದಂಡೆ (ಕುಶಾಲನಗರ)
ಕಾಚಂಪುಳಿ ಅಂದರೆ ಕೋಕಂ ತಾನೇ? ಮಂಗಳೂರಿನವರ ಪುನರ್ಪುಳಿ. ಅದಿಲ್ಲದಿದ್ದರೆ ಪುನರ್ಪುಳಿ ಸಿಪ್ಪೆ ನೆನೆಸಿ ಹಾಕಬಹುದು.

ಗಡಿಮನೆ (ಕುಟ್ಟ)
ಅಲ್ಲ. ಪುನರ್ಪುಳಿ ಬೇರೆ ಮರ. ಅದರ ಹಣ್ಣು ಕಡುಕೆಂಪು, ಅದರಿಂದ ಶರಬತ್ತು, ಸಾರು ಮಾಡುತ್ತಾರೆ. ಕಾಚಂಪುಳಿ ಬರುವುದು ಪಣಂಪುಳಿ ಹಣ್ಣಿನಿಂದ. ಅದು ಹಳದಿ, ಪುಟ್ಟ ಕುಂಬಳದಂತೆ ಪಟ್ಟೆಪಟ್ಟೆಯಾಗಿರುತ್ತದೆ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುವುದು ಇದಕ್ಕೇ. ಎರಡೂ ಒಂದೇ ಕುಲದ ಮರಗಳು, ಜಾತಿ ಬೇರೆ. ನಮ್ಮ ಕೇರಳದ ನೆಂಟರು ಇದೇ ಹಣ್ಣಿನ ಸಿಪ್ಪೆಯನ್ನು ಒಣಗಿಸಿ, ಹೊಗೆ ಹಾಕಿ ಕುಡಂಪುಳಿ ಮಾಡಿ ಮೀನಿಗೆ ಹಾಕುತ್ತಾರೆ. ಬೆಟ್ಟದ ಈಚೆ ರಸವನ್ನು ಕುದಿಸಿ ಕಪ್ಪಗೆ ಮಾಡಿ ಬಾಟಲಿಗೆ ತುಂಬುತ್ತಾರೆ, ಆಚೆ ಸಿಪ್ಪೆ ಒಣಗಿಸುತ್ತಾರೆ.

ಒಟ್ಟಿಮನೆ (ವಿರಾಜಪೇಟೆ)
ಗಡಿಮನೆ ಅವರು ಹೇಳಿದ್ದು ಸರಿ. ನಾವು ಈಗಲೂ ಮನೆಯಲ್ಲೇ ಮಾಡುತ್ತೇವೆ. ಮಳೆಗಾಲದಲ್ಲಿ ಹಣ್ಣು ಉದುರುತ್ತದೆ. ಆರಿಸಿ ತಂದು ಬುಟ್ಟಿಯಲ್ಲಿ ಹಾಕಿ, ಕೆಳಗೆ ಪಾತ್ರೆ ಇಟ್ಟರೆ ಹಣ್ಣು ಕೊಳೆಯುತ್ತಾ ರಸ ಹನಿಹನಿಯಾಗಿ ಇಳಿಯುತ್ತದೆ. ಸೋಸಿ, ಸೌದೆ ಒಲೆಯಲ್ಲಿ ಕುದಿಸುತ್ತಾ ಹೋಗಬೇಕು. ದೊಡ್ಡ ಪಾತ್ರೆಯ ರಸ ಕೊನೆಗೆ ಕಪ್ಪಗೆ, ಮಂದವಾಗಿ ಚಿಕ್ಕ ಬಾಟಲಿಯಷ್ಟಾಗುತ್ತದೆ. ವರ್ಷಗಟ್ಟಲೆ ಕೆಡುವುದಿಲ್ಲ. ಪೇಟೆಯಲ್ಲಿ ನೀರು ಬೆರೆಸಿದ್ದೂ ಸಿಗುತ್ತದೆ. ಚಮಚಕ್ಕೆ ಹಾಕಿ ಓರೆ ಮಾಡಿ ನೋಡಿ. ಒಳ್ಳೆಯದು ಚಮಚದ ಬೆನ್ನಿಗೆ ಅಂಟಿಕೊಂಡು ನಿಧಾನಕ್ಕೆ ಜಾರುತ್ತದೆ.

ಯಾವಾಗ ಹಾಕಬೇಕು ಎಂದರೆ, ಇಳಿಸುವ ಹೊತ್ತಿಗೆ. ಪಂದಿ ಕರಿಗೂ (ಹಂದಿ ಮಾಂಸದ ಪದಾರ್ಥ) ಹಾಗೆಯೇ. ಸಿಗಡಿಗೆ ಅರ್ಧ ಚಿಕ್ಕ ಚಮಚ ಸಾಕು, ಒಂದು ಚಮಚ ಹಾಕಿದರೆ ಬರೀ ಹುಳಿಯೇ ಹುಳಿ. ಬೆಂಡೆ ಬೇಡ ಎಂಬ ಮಾತಿಗೆ ಈಗಲೂ ನಾನು ಅಂಟಿಕೊಂಡಿದ್ದೇನೆ.

ಏಲಕ್ಕಿತೋಟ (ಸೋಮವಾರಪೇಟೆ)
ಕಬ್ಬಿಣದ ಬಾಣಲೆಗೆ ಕಾಚಂಪುಳಿಯೇ? ಟೊಮೆಟೊ ಬೇರೆ! ಹುಳಿ ಕಬ್ಬಿಣವನ್ನು ಕರಗಿಸುತ್ತದೆ. ಬಾಣಲೆಯ ಎಣ್ಣೆಪಸೆ ಎದ್ದು ಬರುತ್ತದೆ, ಪದಾರ್ಥ ಕಪ್ಪಾಗುತ್ತದೆ, ನಾಲಿಗೆಗೆ ತುಕ್ಕಿನ ರುಚಿ. ಮಣ್ಣಿನ ಚಟ್ಟಿ ತೆಗೆದುಕೊಳ್ಳಿ.

ಕರಾವಳಿಯ ಸೊಸೆ (ಸಿದ್ದಾಪುರ)
ಮಣ್ಣಿನ ಚಟ್ಟಿ ಸಾರಿಗೆ ಚೆನ್ನ. ಜೋರು ಉರಿಯಲ್ಲಿ ಒಣ ಹುರಿಯಲು ಅದು ಹೇಳಿ ಮಾಡಿಸಿದ್ದಲ್ಲ, ಬಿರುಕು ಬಿಡುತ್ತದೆ.

ಹೂಮಳೆ
ಇಬ್ಬರೂ ಸರಿ. ಚೆನ್ನಾಗಿ ಪಳಗಿದ ಕಬ್ಬಿಣಕ್ಕೆ ಎರಡು ಮೂರು ನಿಮಿಷದ ಹುಳಿಯಿಂದ ಏನೂ ಆಗುವುದಿಲ್ಲ. ತೊಂದರೆ ಆಗುವುದು ಹುಳಿಯನ್ನು ಅರ್ಧ ಗಂಟೆ ಕುದಿಸಿದಾಗ, ಅಥವಾ ಉಳಿದದ್ದನ್ನು ರಾತ್ರಿಯಿಡೀ ಅದರಲ್ಲೇ ಬಿಟ್ಟಾಗ. ಒಲೆ ಆರಿಸಿದ ಮೇಲೆ ಕಾಚಂಪುಳಿ ಹಾಕಿ, ಕೂಡಲೇ ಬಡಿಸಿ, ಬಾಣಲೆ ಬಿಸಿಯಿರುವಾಗಲೇ ಸ್ವಲ್ಪ ನೀರಿನಲ್ಲಿ ಉಜ್ಜಿ, ಒಲೆಯ ಮೇಲೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿಡಿ. ಇದಕ್ಕೆ ಅರ್ಧ ಚೊಂಬು ನೀರು ಸಾಕು.

ಕರಾವಳಿಯ ಸೊಸೆ ಅವರ ವಿಧಾನಕ್ಕೆ ಒಂದು ಸಣ್ಣ ಸೇರ್ಪಡೆ. ಟೊಮೆಟೊವನ್ನು ಕೊನೆಗೆ ಹಾಕುವುದು ಸರಿ, ಅದರ ಹುಳಿ ಬೆಂಡೆಯ ಲೋಳೆಯನ್ನು ಕಡಿಮೆ ಮಾಡುತ್ತದೆ. ಬೆಂಡೆಗೆ ಹುಣಸೆ, ಮೊಸರು ಹಾಕುವ ರೂಢಿ ಬಂದಿರುವುದೇ ಅದಕ್ಕಾಗಿ. ಲೋಳೆ ಬರುವುದು ನೀರಿನಿಂದ. ಬೆಂಡೆಯನ್ನು ಇಡಿಯಾಗಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಹೆಚ್ಚಬೇಕು. ಬೆಳಿಗ್ಗೆಯೇ ತೊಳೆದು ಬುಟ್ಟಿಯಲ್ಲಿ ಹರಡಿಟ್ಟು ಹೋದರೆ ಸಂಜೆ ಸಿದ್ಧವಾಗಿರುತ್ತದೆ. ತುಂಡು ಬೆರಳುದ್ದ ಇರಲಿ. ಸಣ್ಣಗೆ ಹೆಚ್ಚಿದಷ್ಟೂ ಲೋಳೆ ಹೆಚ್ಚು.

ಏಲಕ್ಕಿತೋಟ (ಸೋಮವಾರಪೇಟೆ)
ಅರ್ಧ ಗಂಟೆ ಎಂಬ ಲೆಕ್ಕ ಒಪ್ಪುತ್ತೇನೆ. ನನಗೆ ಹಾಗಾದದ್ದು ಹುಣಸೆ ಗೊಜ್ಜು ಮಾಡಿದಾಗ.

ಸಂಪಾಜೆ ದಾರಿ (ಮದೆನಾಡು)
ಅಡುಗೆಯ ಮಾತು ನಡೆಯಲಿ. ಮೀನಿನ ಮಾತನ್ನೂ ಸ್ವಲ್ಪ ಆಡೋಣ, ಏಕೆಂದರೆ ಸಿಗಡಿ ಹಳಸಿದ್ದರೆ ಎಷ್ಟು ಹದವಾಗಿ ಬೇಯಿಸಿದರೂ ಪ್ರಯೋಜನವಿಲ್ಲ. ಮಂಗಳೂರಿನಿಂದ ಮಡಿಕೇರಿಗೆ ಸುಮಾರು 140 ಕಿಲೋಮೀಟರ್. ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಘಟ್ಟ ಹತ್ತಬೇಕು. ವಿರಾಜಪೇಟೆ ಕಡೆಗೆ ಕಣ್ಣೂರು, ತಲಶ್ಶೇರಿಯ ಮೀನು ಮಾಕುಟ್ಟ ದಾರಿಯಲ್ಲಿ ಬರುತ್ತದೆ. ಎರಡೂ ಕಡೆಯಿಂದ ಬರುವಾಗ ಐಸ್ ಎಷ್ಟು ಉಳಿದಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಈ ರಸ್ತೆ ಮುಚ್ಚಿದಾಗ ನಮ್ಮ ಕಡೆ ಹಸಿಮೀನು ಕಂಡವರಿಲ್ಲ. ಒಣಮೀನಿನಲ್ಲೇ ದಿನ ಕಳೆದೆವು. ಆ ದಿನಗಳಲ್ಲಿ ಮೀನು ಯಾರಿಗೂ ನೆನಪಿರಲಿಲ್ಲ ಎನ್ನಿ, ಮನೆ ಕಳೆದುಕೊಂಡವರ ಮುಖವೇ ಕಣ್ಣ ಮುಂದೆ ಇತ್ತು.

ಕೊಳ್ಳುವಾಗ ಇಷ್ಟು ನೋಡಿ. ಸಿಗಡಿಯ ತಲೆ ಮೈಗೆ ಬಿಗಿಯಾಗಿ ಅಂಟಿಕೊಂಡಿರಬೇಕು, ಎತ್ತಿದರೆ ಜೋತಾಡಬಾರದು. ಚಿಪ್ಪು ಹೊಳೆಯಬೇಕು, ಮುಟ್ಟಿದರೆ ಜಾರಬಾರದು. ಮೂಗಿಗೆ ಸಮುದ್ರದ ವಾಸನೆ ಬಂದರೆ ಸರಿ, ಮೂತ್ರದಂಥ ಘಾಟು ಬಂದರೆ ಬಿಟ್ಟುಬಿಡಿ.

ಗಡಿಮನೆ (ಕುಟ್ಟ)
ಇದಕ್ಕೆ ನನ್ನ ಅನುಭವವೊಂದನ್ನು ಸೇರಿಸುತ್ತೇನೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಬಂಗುಡೆ ಕೊಂಡೆ. ಕಣ್ಣು ಮಸುಕಾಗಿತ್ತು, ಮನೆಗೆ ನೆಂಟರು ಬಂದಿದ್ದರು, ಸಮಯವಿರಲಿಲ್ಲ. ಚೆನ್ನಾಗಿ ಹುರಿದರೆ ಏನೂ ಆಗುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಊಟವಾಗಿ ಅರ್ಧ ಗಂಟೆಯಲ್ಲಿ ಭಾವನವರ ಮುಖ, ಕುತ್ತಿಗೆ ಕೆಂಪಾಗಿ, ಮೈಯೆಲ್ಲ ತುರಿಕೆ, ತಲೆನೋವು. ಆಸ್ಪತ್ರೆಗೆ ಓಡಿದೆವು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಮನೆಗೆ ಕರೆದು ಹೀಗೆ ಮಾಡಿದೆನಲ್ಲ ಎಂದು.

ಹೂಮಳೆ
ಗಡಿಮನೆ ಅವರೇ, ಓದಿ ಕಸಿವಿಸಿಯಾಯಿತು. ನೀವು ಹೇಳಿದ ಲಕ್ಷಣಗಳು ಹಿಸ್ಟಮಿನ್ ವಿಷದವು. ಬಂಗುಡೆ, ಬೂತಾಯಿ, ಕೇದರದಂಥ (ಟ್ಯೂನಾ) ಮೀನುಗಳನ್ನು ತಂಪಿನಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ಒಮ್ಮೆ ಉಂಟಾದರೆ ಹುರಿದರೂ, ಕುದಿಸಿದರೂ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಆದ್ದರಿಂದ ಚೆನ್ನಾಗಿ ಹುರಿದರೆ ಸರಿಹೋಗುತ್ತದೆ ಎಂಬ ಮಾತು ಪೂರ್ತಿ ತಪ್ಪು, ಅಪಾಯದ ಮಾತು. ನಿಮ್ಮ ಕೈಯಡುಗೆಯಿಂದ ಆದದ್ದಲ್ಲ ಅದು.

ನಮ್ಮಲ್ಲಿ ಏಪ್ರಿಲ್‌ನಲ್ಲಿ ಗುಡುಗು ಬಂದ ಕೂಡಲೇ ಕರೆಂಟ್ ಹೋಗುತ್ತದೆ. ಫ್ರಿಜ್ಜಿನಲ್ಲಿ ಮೀನಿದ್ದರೆ ಬಾಗಿಲು ತೆರೆಯಬೇಡಿ. ಕರೆಂಟ್ ಹೋಗಿ ನಾಲ್ಕು ಗಂಟೆ ದಾಟಿದರೆ ಆ ಮೀನನ್ನು ನಂಬಬೇಡಿ. ಮಧ್ಯಾಹ್ನ ಗಾಡಿಯಿಂದ ಕೊಂಡು ಸಂಜೆ ಬೇಯಿಸುವುದಾದರೆ ಐಸ್ ಕೇಳಿ ತೆಗೆದುಕೊಂಡು, ಮೀನಿನ ಕೆಳಗೂ ಮೇಲೂ ಹಾಕಿಡಿ.

ಮೆಣಸುಬಳ್ಳಿ
ಇನ್ನೊಂದು ಎಚ್ಚರಿಕೆ. ನೆಂಟರಿಗೆ ಸಿಗಡಿ ಬಡಿಸುವ ಮುನ್ನ ಅಲರ್ಜಿ ಇದೆಯೇ ಎಂದು ಕೇಳಿಬಿಡಿ. ಒಂದೇ ಬಾಣಲೆಯ ಅಡುಗೆಯಲ್ಲಿ ಸಿಗಡಿ ಬದಿಗಿಟ್ಟು ತರಕಾರಿ ಮಾತ್ರ ತಿನ್ನಿ ಎನ್ನುವ ಹಾಗಿಲ್ಲ.

ಹಾರಂಗಿ ದಂಡೆ (ಕುಶಾಲನಗರ)
ಸಮುದ್ರದ ಮೀನಿಗೆ ಯಾಕಿಷ್ಟು ಕಷ್ಟ? ಹಾರಂಗಿ ಜಲಾಶಯದ ಕಾಟ್ಲಾ, ರೋಹು ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನಕ್ಕೆ ಸಿಗುತ್ತದೆ. ಹೊಳೆಯಲ್ಲೂ ಈಗ ನೀರು ಕಡಿಮೆ, ಗುಂಡಿಗಳಲ್ಲಿ ಮೀನು ಸೇರಿಕೊಂಡಿವೆ. ಒಂದು ಗಾಳ ಹಾಕಿದರೆ ಆಯಿತು.

ಸಂಪಾಜೆ ದಾರಿ (ಮದೆನಾಡು)
ಜಲಾಶಯದ ಕಾಟ್ಲಾ ಸರಿ. ಹೊಳೆಯ ಗುಂಡಿಯ ಮಾತು ಬೇಡ. ಬೇಸಿಗೆಯ ಗುಂಡಿಗಳಲ್ಲಿ ಉಳಿದ ಮೀನೇ ಮಳೆಗಾಲದಲ್ಲಿ ಮೊಟ್ಟೆ ಇಡಬೇಕು. ಕಾವೇರಿಯ ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್ ಮೀನು ಈ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ, ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 2018ರಲ್ಲಿ ಅದು ಅಳಿವಿಗೆ ತೀರಾ ಹತ್ತಿರವಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಗಾಳಕ್ಕೆ ಯಾವುದು ಸಿಕ್ಕಿತು ಎಂದು ಮೇಲೆತ್ತುವವರೆಗೆ ತಿಳಿಯುವುದಿಲ್ಲ.

ಹಾರಂಗಿ ದಂಡೆ (ಕುಶಾಲನಗರ)
ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಸಣ್ಣ ಮೀನು, ಮಹಶೀರ್ ಅಲ್ಲ. ಆದರೂ ನೀವು ಹೇಳಿದ್ದು ಸರಿ. ಕಾಟ್ಲಾದ ಮಾತು ಮಾತ್ರ ಉಳಿಸಿಕೊಳ್ಳುತ್ತೇನೆ.

ಕರಾವಳಿಯ ಸೊಸೆ (ಸಿದ್ದಾಪುರ)
ಕಾಟ್ಲಾದ ಮುಳ್ಳು ತರಕಾರಿಯ ನಡುವೆ ಸಿಕ್ಕಿಕೊಂಡರೆ ಮಕ್ಕಳಿಗೆ ಕಷ್ಟ. ಮಕ್ಕಳಿರುವ ಮನೆಗೆ ಸಿಗಡಿ, ಇಲ್ಲವೇ ಅಂಜಲ್ ಮೀನಿನ ತುಂಡು.

ಗಡಿಮನೆ (ಕುಟ್ಟ)
ಮೀನಿನ ತುಂಡಾದರೆ ನನ್ನ ದಾರಿ ಬೇರೆ. ಅದರಲ್ಲಿ ಮುಚ್ಚಳ ಬೇಕೇ ಬೇಕು. ಬಾಣಲೆಯ ತಳಕ್ಕೆ ಈರುಳ್ಳಿ, ಬದನೆ, ಟೊಮೆಟೊ ಬಿಲ್ಲೆಗಳನ್ನು ಹಾಸಿ, ಐದಾರು ನಿಮಿಷ ಬಾಡಿಸಿ. ಅದರ ಮೇಲೆ ಬಾಡಿಸಿದ ಬಾಳೆಲೆ. ಎಲೆಯ ಮೇಲೆ ಮಸಾಲೆ ಸವರಿದ ಅಂಜಲ್ ತುಂಡು, ಕರಿಬೇವು, ಮೇಲೊಂದು ಎಲೆ. ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ತರಕಾರಿಯ ಹಬೆಯಲ್ಲೇ ಮೀನು ಬೇಯುತ್ತದೆ, ಮೀನಿನ ರಸ ಎಲೆಯ ಅಂಚಿನಿಂದ ತರಕಾರಿಗೆ ಇಳಿಯುತ್ತದೆ. ಬಿಸಿಗೆ ಎಲೆ ಕಪ್ಪಾಗಿ ಬಿಡುವ ವಾಸನೆಗೇ ಹಸಿವಾಗುತ್ತದೆ. ಬಡಿಸಲು ಬೇರೆ ಪಾತ್ರೆಯೂ ಬೇಡ.

ಹುಳಿಗೆ ಈ ತಿಂಗಳಲ್ಲಿ ಕಾಚಂಪುಳಿಗಿಂತ ಮಾವಿನಕಾಯಿ ಒಳ್ಳೆಯದು. ಮಲಬಾರಿನ ಮನೆಗಳಲ್ಲಿ ಸಿಗಡಿಗೆ ಮಾವಿನಕಾಯಿ, ನುಗ್ಗೆಕಾಯಿ ಸೇರಿಸುವುದು ಹಳೆಯ ರೂಢಿ. ಮರದಲ್ಲಿ ತೂಗುತ್ತಿರುವಾಗ ಬಾಟಲಿ ಯಾಕೆ ತೆರೆಯಬೇಕು?

ಒಟ್ಟಿಮನೆ (ವಿರಾಜಪೇಟೆ)
ಮಾವಿನಕಾಯಿಯ ಹುಳಿ ನಾಲಿಗೆಯ ತುದಿಯಲ್ಲೇ ಮುಗಿಯುತ್ತದೆ. ಕಾಚಂಪುಳಿಯದು ಗಂಟಲಿನವರೆಗೆ ಇಳಿಯುತ್ತದೆ, ಜೊತೆಗೆ ಒಂದು ಹೊಗೆಯ ವಾಸನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗಡಿಮನೆ (ಕುಟ್ಟ)
ತೂಗುತ್ತಿಲ್ಲ ಅಮ್ಮ. ಮಾವಿನಕಾಯಿ ಎರಡು ತಿಂಗಳ ಮಾತು, ಕಾಚಂಪುಳಿ ವರ್ಷವಿಡೀ ಇದೆ. ನಮ್ಮ ಮನೆಯ ಕಪಾಟಿನಲ್ಲೂ ಇದೆ.

ಮೆಣಸುಬಳ್ಳಿ
ಸುಲಿದ ತಲೆ, ಚಿಪ್ಪುಗಳನ್ನು ಏನು ಮಾಡುತ್ತೀರಿ? ನಾನು ಮೆಣಸು ಬಳ್ಳಿಯ ಬುಡಕ್ಕೆ ಹೂಳುತ್ತೇನೆ. ಒಂದಡಿ ಆಳಕ್ಕಿಂತ ಕಡಿಮೆಯಾದರೆ ಬೆಕ್ಕು, ನಾಯಿ ಕೆದಕಿ ಹಾಕುತ್ತವೆ.

ಕರಾವಳಿಯ ಸೊಸೆ (ಸಿದ್ದಾಪುರ)
ಹೂಳುವ ಮೊದಲು ಒಮ್ಮೆ ಎಣ್ಣೆಯಲ್ಲಿ ಹುರಿಯಿರಿ! ತಲೆಗಳನ್ನು ತೆಂಗಿನೆಣ್ಣೆಗೆ ಹಾಕಿ, ಸೌಟಿನ ಬೆನ್ನಿನಿಂದ ಒತ್ತಿದರೆ ಎಣ್ಣೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ತಲೆ ತೆಗೆದುಹಾಕಿ, ಅದೇ ಎಣ್ಣೆಯಲ್ಲಿ ಸಿಗಡಿ ಹುರಿದು, ತರಕಾರಿ ಬಾಡಿಸಿ. ಮಸಾಲೆ ಪುಡಿಯೇ ಬೇಡ ಎನಿಸುತ್ತದೆ. ಇಷ್ಟು ಹೊತ್ತು ಇದನ್ನು ಹೇಳಲು ಮರೆತಿದ್ದೆ.

ಏಲಕ್ಕಿತೋಟ (ಸೋಮವಾರಪೇಟೆ)
ಖಾರಕ್ಕೆ ಗಾಂಧಾರಿ ಮೆಣಸು ಎರಡು ಸೀಳಿ ಹಾಕಿ. ಅತ್ತೆಯವರಿಗೆ ಖಾರ ಆಗದಿದ್ದರೆ ಇಡಿಯಾಗಿ ಹಾಕಿ ಬಡಿಸುವಾಗ ತೆಗೆದುಬಿಡಿ, ಪರಿಮಳ ಉಳಿಯುತ್ತದೆ.

ಬಾವಿಕಟ್ಟೆ (ಪೊನ್ನಂಪೇಟೆ ಕಡೆ)
ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ. ಎರಡು ಸಲ ಓದಿ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಶನಿವಾರ ಮಾಡಿ ತಿಳಿಸುತ್ತೇನೆ.

ಬಾವಿಕಟ್ಟೆ (ಪೊನ್ನಂಪೇಟೆ ಕಡೆ)
ಶನಿವಾರದ ವರದಿ. ಗಾಡಿ ಬಂದಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆ. ಮೊದಲ ರಾಶಿಯಿಂದ ಒಂದು ಸಿಗಡಿ ಎತ್ತಿದರು, ತಲೆ ಜೋತುಬಿತ್ತು. ಎರಡನೆಯ ಪೆಟ್ಟಿಗೆ ತೆರೆಸಿದರು. ಮುಕ್ಕಾಲು ಕಿಲೋ ಕೊಂಡು, ಐಸ್ ಕೇಳಿ ಹಾಕಿಸಿಕೊಂಡೆವು. ಬೆಂಡೆಯನ್ನು ಬೆಳಿಗ್ಗೆಯೇ ತೊಳೆದು ಮೊರದಲ್ಲಿ ಹರಡಿಟ್ಟಿದ್ದೆ.

ಸುಲಿದು ಒರೆಸುವ ಕೆಲಸಕ್ಕೆ ದೊಡ್ಡ ಮಗಳು ಬಂದಳು. ಬಟ್ಟೆ ಎರಡು ಸಲ ಹಿಂಡುವಷ್ಟು ನೀರು ಬಂತು. ಇಷ್ಟು ನೀರು ಕಳೆದ ವಾರ ನನ್ನ ಬಾಣಲೆಯಲ್ಲೇ ಇತ್ತು ಎಂದು ಆಗ ತಿಳಿಯಿತು. ತಲೆಗಳನ್ನು ಒತ್ತಿ ಹುರಿದಾಗ ಎಣ್ಣೆ ನಿಜವಾಗಿಯೂ ಕುಂಕುಮದ ಬಣ್ಣಕ್ಕೆ ಬಂತು. ಒಂದೇ ಸಲಕ್ಕೆ ಸಿಗಡಿ ಎಲ್ಲವೂ ಹಿಡಿಯಲಿಲ್ಲ, ಎರಡು ಸರದಿ ಮಾಡಿದೆ. ಮೊದಲ ಸರದಿಯಲ್ಲಿ ಗಡಿಯಾರ ನೋಡುತ್ತಿದ್ದೆ, ಎರಡನೆಯದರಲ್ಲಿ ಬಣ್ಣ ನೋಡಿದರೆ ಸಾಕಾಯಿತು. ಬಾಳೆಲೆಯ ಮೇಲೆ ತೆಗೆದಿಟ್ಟೆ.

ಅಲಸಂದೆ ನಾನು ಅಂದುಕೊಂಡದ್ದಕ್ಕಿಂತ ತಡವಾಯಿತು, ಎಂಟು ನಿಮಿಷ ಹಿಡಿಯಿತು. ಸ್ವಲ್ಪ ಬಲಿತಿತ್ತು. ಬದನೆ ಎಣ್ಣೆಯನ್ನೆಲ್ಲ ಕುಡಿಯಿತು, ಇನ್ನೊಂದು ಚಮಚ ಹಾಕಬೇಕಾಯಿತು. ಬೆಂಡೆಯಲ್ಲಿ ಲೋಳೆ ಇರಲಿಲ್ಲ, ಅಂಚು ಕಂದಾಗಿ ಗರಿಗರಿಯಾಗಿತ್ತು. ಒಲೆ ಆರಿಸಿ ಸಿಗಡಿ ಬೆರೆಸಿ, ಅರ್ಧ ಚಿಕ್ಕ ಚಮಚ ಕಾಚಂಪುಳಿ. ಹನಿ ಬಿದ್ದ ಕಡೆ ಬಾಣಲೆ ಚುರ್ ಎಂದು, ಹೊಗೆಯಂಥ ಹುಳಿ ವಾಸನೆ ನಡುಮನೆಯವರೆಗೆ ಹೋಯಿತು. ಏಳು ಇಪ್ಪತ್ತಾಗಿತ್ತು.

ಅಕ್ಕಿ ಒಟ್ಟಿ ಮಧ್ಯಾಹ್ನದ್ದು ಇತ್ತು, ಕೆಂಡದಲ್ಲಿ ಬಿಸಿಮಾಡಿದೆ. ಅತ್ತೆಯವರು ಬೆಂಡೆಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಬಾಣಲೆ, ನಾಲ್ಕು ತಟ್ಟೆ, ಸೌಟು ಎಲ್ಲ ಸೇರಿ ಒಂದು ಕೊಡದೊಳಗೆ ಮುಗಿಯಿತು.

ಕರಾವಳಿಯ ಸೊಸೆ (ಸಿದ್ದಾಪುರ)
ಓದಿ ತುಂಬಾ ಸಂತೋಷವಾಯಿತು. ಬದನೆಯ ಎಣ್ಣೆಗೆ ಒಂದು ಉಪಾಯ: ಹೆಚ್ಚಿದ ಹೋಳಿಗೆ ಸ್ವಲ್ಪ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಒತ್ತಿ ಒರೆಸಿ ಹಾಕಿ. ಆಗ ಅಷ್ಟು ಕುಡಿಯುವುದಿಲ್ಲ.

ಮೆಣಸುಬಳ್ಳಿ
ಉಪ್ಪು ಕೊನೆಗೆ ಎಂದು ಹೇಳಿದವರು ನೀವೇ!

ಕರಾವಳಿಯ ಸೊಸೆ (ಸಿದ್ದಾಪುರ)
ಬಾಣಲೆಯ ಒಳಗೆ ಹಾಕುವ ಉಪ್ಪು ಕೊನೆಗೆ. ಇದು ಬಾಣಲೆಯ ಹೊರಗಿನ ಉಪ್ಪು. ಇಲ್ಲಿ ಬರುವ ನೀರನ್ನು ನಾವು ಚೆಲ್ಲುತ್ತೇವೆ, ಅಲ್ಲಿ ಬಂದ ನೀರು ಬಾಣಲೆಯಲ್ಲೇ ಉಳಿಯುತ್ತದೆ.

ಒಟ್ಟಿಮನೆ (ವಿರಾಜಪೇಟೆ)
ಬೆಂಡೆಯನ್ನು ನಿಮ್ಮ ಅತ್ತೆಯವರು ಎರಡನೆಯ ಸಲ ಹಾಕಿಸಿಕೊಂಡರು ಎಂದರೆ ನಾನೂ ಒಮ್ಮೆ ಮಾಡಿ ನೋಡಬೇಕು. ನನ್ನದು ಮಣ್ಣಿನ ಚಟ್ಟಿ, ಕಬ್ಬಿಣದ ಬಾಣಲೆ ತಂಗಿಯ ಮನೆಯಲ್ಲಿದೆ, ತರಿಸುತ್ತೇನೆ.

ಹಾರಂಗಿ ದಂಡೆ (ಕುಶಾಲನಗರ)
ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ. ಮೀನು ಸಿಗುವುದು ಕಡಿಮೆಯಾಗಿ ಬೆಲೆ ಏರುತ್ತದೆ. ಮಾಡುವವರು ಮೇ ಮುಗಿಯುವುದರೊಳಗೆ ಮಾಡಿಕೊಳ್ಳಿ.

ಗಡಿಮನೆ (ಕುಟ್ಟ)
ಅಷ್ಟರಲ್ಲಿ ಗದ್ದೆಯ ಏಡಿ ಬರುತ್ತದೆ, ಕಣಿಲೆ (ಎಳೆ ಬಿದಿರು) ಬರುತ್ತದೆ. ಅದರ ಮಾತು ಆಗ ಆಡೋಣ.

ಬಾವಿಕಟ್ಟೆ (ಪೊನ್ನಂಪೇಟೆ ಕಡೆ)
ಮಂಗಳವಾರ ಗಾಡಿಯಲ್ಲಿ ಬೊಂಡಾಸ್ (ಸ್ಕ್ವಿಡ್) ತರುತ್ತೇನೆ ಎಂದಿದ್ದಾರೆ. ಅದಕ್ಕೂ ಇದೇ ಲೆಕ್ಕವೇ?

ಕರಾವಳಿಯ ಸೊಸೆ (ಸಿದ್ದಾಪುರ)
ಬೊಂಡಾಸ್ ಇನ್ನೂ ಸೂಕ್ಷ್ಮ. ಜೋರು ಉರಿಯಲ್ಲಿ ಎರಡು ನಿಮಿಷದೊಳಗೆ ಇಳಿಸಬೇಕು. ಅದು ತಪ್ಪಿ ಗಟ್ಟಿಯಾದರೆ ಎಸೆಯಬೇಡಿ, ಸ್ವಲ್ಪ ನೀರು ಹಾಕಿ ಮುಚ್ಚಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಡಿ, ಮತ್ತೆ ಮೆತ್ತಗಾಗುತ್ತದೆ. ನಡುವಿನ ಹೊತ್ತಿನಲ್ಲಿ ಮಾತ್ರ ತಿನ್ನಲಾಗುವುದಿಲ್ಲ. ಬೆಂಡೆಯ ಬದಲು ಹೀರೆಕಾಯಿ ಹಾಕಿ.

ಒಟ್ಟಿಮನೆ (ವಿರಾಜಪೇಟೆ)
ಬಾವಿಕಟ್ಟೆ, ನಿಮ್ಮ ಕಾಚಂಪುಳಿ ಮನೆಯದೋ ಪೇಟೆಯದೋ? ಮುಂದಿನ ವಾರ ಗೋಣಿಕೊಪ್ಪದ ಸಂತೆಗೆ ಬರುವವಳಿದ್ದೇನೆ. ನಮ್ಮ ಮನೆಯ ಒಂದು ಚಿಕ್ಕ ಬಾಟಲಿ ತರುತ್ತೇನೆ, ಬಂದು ತೆಗೆದುಕೊಳ್ಳಿ.

ಬಾವಿಕಟ್ಟೆ (ಪೊನ್ನಂಪೇಟೆ ಕಡೆ)
ಪೇಟೆಯದು ಅಮ್ಮ, ಚಮಚಕ್ಕೆ ಅಂಟಲಿಲ್ಲ. ಖಂಡಿತ ಬರುತ್ತೇನೆ. ಹಿತ್ತಲಿನ ಬೆಂಡೆ ಒಂದು ಕಟ್ಟು ತರುತ್ತೇನೆ.